ಸಿಂಹಳದ ಬಹುರೂಪಿ ಹೆನ್ರಿ ಜಯಸೇನ



ವಾರ್ಷಿಕೋತ್ಸವದ ಸಭೆಯಲ್ಲಿ ಯಾರಾದರೊಬ್ಬ ಮಹನೀಯರ ಜೀವನವನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಸಾಮಾನ್ಯವಾಗಿ ಕವಿಗಳನ್ನೋ ದೇಶಭಕ್ತರನ್ನೋ ಆರಿಸಿಕೊಳ್ಳುವುದುಂಟು. ಈ ಸಲ ನಾವು ಒಬ್ಬ ನಟರನ್ನು ಆರಿಸಿಕೊಂಡಿದ್ದೇವೆ. ಅವರು ನಮ್ಮ ನಾಡಿನವರಲ್ಲ; ಕಡಲಾಚೆಯ ಶ್ರೀಲಂಕೆಯವರು. ಅವರ ಮಾತು ಸಿಂಹಳ. ಹೆಸರು ಹೆನ್ರಿ ಜಯಸೇನ.

ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಿಗೂ ಸಿಂಹಳ ನಟರೊಬ್ಬರಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅದಕ್ಕೆ ಉತ್ತರವನ್ನು ಅವರ ಜೀವನದ ಕಥೆಯಿಂದಲೇ ಪಡೆಯೋಣ.

ಜಯಸೇನರು ಹುಟ್ಟಿದ್ದು 1931ನೆಯ ಇಸವಿಯ ಜುಲೈ 6ರಂದು, ಕೊಲಂಬೊ ನಗರಕ್ಕೆ ಹೆಚ್ಚು ದೂರವಿಲ್ಲದ ಗಂಪಹದ ಬಳಿಯ ಬೆಂಡಿಯಮುಲ್ಲ ಎಂಬ ಹಳ್ಳಿಯಲ್ಲಿ. ಕೊಲಂಬೊವಿನ ನಾಲಂದ ವಿದ್ಯಾಲಯದಲ್ಲಿ ಓದಿದರು. ಓದು ಮುಗಿದ ಮೇಲೆ ನುವರ ಎಳಿಯದ ಕಡೆಯ ಬೆಟ್ಟಸೀಮೆಯ ಒಂದು ಪುಟ್ಟ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಉಪಾಧ್ಯಾಯರಾದರು. ಆಮೇಲೆ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಗುಮಾಸ್ತೆಯ ಕೆಲಸ ದೊರೆಯಿತು. ಹಗಲೆಲ್ಲ ಕಡತಗಳ ನಡುವೆ ದುಡಿದು, ಸಂಜೆ ನಾಟಕದ ಅಭ್ಯಾಸಕ್ಕೆ ಹೋಗುವುದು ಅವರ ದಿನಚರಿಯಾಯಿತು. ನಾಟಕವನ್ನು ಬರೆಯುವವರೂ ಅವರೇ, ನಿರ್ದೇಶಿಸುವವರೂ ಅವರೇ, ಬಣ್ಣ ಹಚ್ಚಿಕೊಂಡು ರಂಗಕ್ಕೆ ಬರುವವರೂ ಅವರೇ. ದೊಡ್ಡ ಹೆಸರುಗಳೆಲ್ಲ ದೊಡ್ಡ ಮನೆತನಗಳಿಂದಲೇ ಬರುವುವೆಂದು ಭಾವಿಸುವ ಮಕ್ಕಳು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅವರು ಕಾಲಿಟ್ಟ ರಂಗಭೂಮಿಯು ಹೇಗಿತ್ತೆಂಬುದನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ. ಸಿಂಹಳದ ಹಳ್ಳಿಗಳಲ್ಲಿ 'ನಾಡಗಮ' ಎಂಬ ಆಟವಿತ್ತು. ಬಯಲಿನಲ್ಲಿ, ರಾತ್ರಿಯೆಲ್ಲ, ಮದ್ದಳೆಯ ಗತಿಗೆ ಹಾಡುತ್ತ ಕುಣಿಯುತ್ತ ನಡೆಯುವ ಆಟವದು. ಪುಸ್ತಕವನ್ನು ಹಿಡಿದ ಗುರುವೊಬ್ಬನು ರಂಗದ ಬದಿಯಲ್ಲಿ ನಿಂತು ಕಥೆಯನ್ನು ಹಾಡಿ ನಡೆಸುತ್ತಾನೆ. ಪಾತ್ರಗಳ ಪ್ರವೇಶವನ್ನು ಸಾರುತ್ತಾನೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನ ಮಕ್ಕಳಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಯಕ್ಷಗಾನದ ಭಾಗವತರನ್ನು ನೆನೆದುಕೊಂಡರೆ ಸಾಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮುಂಬಯಿಯ ಪಾರ್ಸಿ ನಾಟಕದವರು ಹಡಗನ್ನೇರಿ ಕೊಲಂಬೊಗೆ ಹೋದರು. ಅವರ ಪರದೆಗಳ ವೈಭವ, ಹಿಂದೂಸ್ತಾನಿ ಧಾಟಿಯ ಹಾಡುಗಳು ಅಲ್ಲಿನ ಜನರನ್ನು ಮರುಳುಗೊಳಿಸಿದುವು. ಅದರಿಂದ 'ನೂರ್ತಿ' ಎಂಬ ಹೊಸ ಬಗೆಯ ನಾಟಕ ಹುಟ್ಟಿತು. 1911ರಲ್ಲಿ ಕೊಲಂಬೊವಿನಲ್ಲಿ ಟವರ್ ಹಾಲ್ ಎಂಬ ನಾಟಕ ಮಂದಿರವೂ ತೆರೆಯಿತು. ಕನ್ನಡದ ಕಂಪೆನಿ ನಾಟಕಗಳ ಮೇಲೆಯೂ ಇದೇ ಪಾರ್ಸಿ ನಾಟಕಗಳ ಪ್ರಭಾವ ಬಿದ್ದಿತಷ್ಟೆ. ಹೀಗೆ ಕಡಲಿನ ಎರಡು ದಡಗಳಲ್ಲಿ ನಾಟಕವು ಒಂದೇ ಬಗೆಯ ಗಾಳಿಯಲ್ಲಿ ಬೆಳೆಯಿತೆಂದರೆ ತಪ್ಪಾಗದು.

ಕಾಲ ಕಳೆದಂತೆ ಆ ವೈಭವ ಮಾಸಿತು. ಆಗ ಪೇರಾದೆನಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಎದಿರಿವೀರ ಸರತ್‌ಚಂದ್ರರು ಹಳೆಯ ನಾಡಗಮವನ್ನು ಹೊಸದಾಗಿ ಕಡೆದು 'ಮನಮೇ' ಎಂಬ ನಾಟಕವನ್ನು ರಚಿಸಿದರು. ಜಾತಕ ಕಥೆಯೊಂದನ್ನು ಆಧರಿಸಿದ ಆ ನಾಟಕದ ಮೊದಲ ಪ್ರದರ್ಶನವು ನಡೆದದ್ದು 1956ರ ನವೆಂಬರ್ 3ರಂದು. ಅದಕ್ಕೆ ಎರಡೇ ದಿನಗಳ ಮುಂಚೆ, ನವೆಂಬರ್ 1ರಂದು, ನಮ್ಮ ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿತು. ಇಲ್ಲಿ ಒಂದು ಭಾಷೆಯ ಜನರು ತಮ್ಮ ಮಕ್ಕಳ ಓದು ಏನಾಗುವುದೋ ಎಂದು ಚಿಂತಿಸುತ್ತಿದ್ದಾಗ, ಅಲ್ಲಿ ಒಂದು ಭಾಷೆಯ ಜನರು ತಮ್ಮ ರಂಗಭೂಮಿ ಮರುಹುಟ್ಟು ಪಡೆದುದನ್ನು ಕಂಡು ಹಿಗ್ಗುತ್ತಿದ್ದರು.

ಆದರೆ ಆ ಹಿಗ್ಗಿನ ಪಕ್ಕದಲ್ಲಿಯೇ ಒಂದು ನೋವೂ ಇತ್ತು; ಅದನ್ನು ಮರೆಮಾಚುವುದು ನ್ಯಾಯವಲ್ಲ. ಅದೇ 1956ರಲ್ಲಿ ಸಿಂಹಳವೊಂದನ್ನೇ ಆಡಳಿತ ಭಾಷೆಯಾಗಿ ಮಾಡುವ ಕಾನೂನು ಆ ದೇಶದಲ್ಲಿ ಬಂದಿತು. ಅಲ್ಲಿನ ತಮಿಳರಿಗೆ ಅದರಿಂದ ಬಹಳ ಅನ್ಯಾಯವೆನಿಸಿತು. ಒಡಕು ಬೆಳೆಯುತ್ತ ಹೋಗಿ ಕೊನೆಗೆ ದೀರ್ಘವಾದ ಯುದ್ಧವೇ ನಡೆಯಿತು. ಅದು ನಿಂತದ್ದು 2009ರ ಮೇ ತಿಂಗಳಿನಲ್ಲಿ. ತಮಿಳಿಗೂ ಆಡಳಿತ ಭಾಷೆಯ ಸ್ಥಾನವು 1987ರ ಸಂವಿಧಾನ ತಿದ್ದುಪಡಿಯಿಂದ ದೊರೆತಿತ್ತಾದರೂ ಅಷ್ಟು ಹೊತ್ತಿಗೆ ಬೆಂಕಿ ಹತ್ತಿಕೊಂಡಾಗಿತ್ತು. ಒಂದು ಭಾಷೆಯನ್ನು ಪ್ರೀತಿಸುವುದು ಬೇರೆ, ಇನ್ನೊಂದು ಭಾಷೆಯನ್ನು ಅದರಿಂದ ಅದುಮುವುದು ಬೇರೆ. ಭಾಷೆಯ ವಿಷಯದಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ನಮಗೆ ಈ ಭೇದವು ಚೆನ್ನಾಗಿ ತಿಳಿದಿರಬೇಕು. ಜಯಸೇನರ ಕಲಾಜೀವನವು ನಡೆದದ್ದು ಇಂತಹ ಕಾಲದಲ್ಲಿಯೇ.

1960ರ ದಶಕವು ಅವರ ಬೆಳೆಯ ಕಾಲ. 'ಜನೇಲಯ' ಎಂಬ ನಾಟಕವು ಅವರಿಗೆ ಹೆಸರು ತಂದಿತು. ಆ ಮಾತಿನ ಅರ್ಥ ಕಿಟಕಿಯೆಂದು. ಪೋರ್ಚುಗೀಸರಿಂದ ಬಂದ ಶಬ್ದವದು. ಮಲಯಾಳದ 'ಜನಲ್' ಸಹ ಅದರ ಒಡಹುಟ್ಟು. ತರುವಾಯ 1963ರಲ್ಲಿ 'ಕುವೇಣಿ' ಬಂದಿತು. ಸಿಂಹಳರ ಪುರಾತನ ಇತಿಹಾಸ ಗ್ರಂಥವಾದ 'ಮಹಾವಂಸ'ದಲ್ಲಿ ಒಂದು ಕಥೆಯಿದೆ. ಉತ್ತರದಿಂದ ಹಡಗಿನಲ್ಲಿ ಬಂದ ವಿಜಯನೆಂಬ ರಾಜಕುಮಾರನು ಲಂಕೆಯಲ್ಲಿ ಇಳಿದಾಗ ಕುವೇಣಿಯೆಂಬ ಯಕ್ಷಿಣಿಯು ಅವನನ್ನು ವರಿಸಿ, ತನ್ನ ಕುಲದವರನ್ನೇ ಗೆಲ್ಲಲು ಅವನಿಗೆ ನೆರವಾಗುತ್ತಾಳೆ. ರಾಜ್ಯವು ಕೈಸೇರಿದ ಮೇಲೆ ವಿಜಯನು ಪಾಂಡ್ಯರ ಮಧುರೆಯಿಂದ ರಾಜಪುತ್ರಿಯನ್ನು ತರಿಸಿಕೊಂಡು, ಕುವೇಣಿಯನ್ನು ತೊರೆದುಬಿಡುತ್ತಾನೆ. ಅವಳು ಎರಡು ಮಕ್ಕಳೊಡನೆ ಹೊರಟು, ತನ್ನವರ ಕೈಯಿಂದಲೇ ಸಾಯುತ್ತಾಳೆ. ಗೆದ್ದವರ ಚರಿತ್ರೆಯಲ್ಲಿ ಎರಡು ಸಾಲಿಗೆ ಮುಗಿದುಹೋಗಿದ್ದ ಆ ಹೆಂಗಸಿಗೆ ಜಯಸೇನರು ರಂಗದ ಮೇಲೆ ಬಾಯಿ ಕೊಟ್ಟರು. ಸೋತವರ ಕಡೆಗೆ ಕಣ್ಣು ತಿರುಗಿಸುವ ಈ ಗುಣವು ನಮಗೆ ಹೊಸದಲ್ಲ. ಕರ್ಣನನ್ನು ಮರೆಯಬೇಡಿರೆಂದು ಕೇಳಿಕೊಂಡ ಪಂಪನ ಮಕ್ಕಳು ನಾವು.

ಅದೇ 1963ರಲ್ಲಿ ಅವರು ಬೆಳ್ಳಿತೆರೆಯ ಮೇಲೆಯೂ ನೆಲೆಗೊಂಡರು. ಸಿಂಹಳದ ಮೊದಲ ವಾಕ್ಚಿತ್ರವು ತೆರೆಕಂಡದ್ದು 1947ರಲ್ಲಿ. ಅದು ತಯಾರಾದದ್ದು ದಕ್ಷಿಣ ಭಾರತದ ಸ್ಟುಡಿಯೋ ಒಂದರಲ್ಲಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವೂ 1934ರಲ್ಲಿ ಕೊಲ್ಲಾಪುರದಲ್ಲಿ ತಯಾರಾಯಿತು. 1954ರ 'ಬೇಡರ ಕಣ್ಣಪ್ಪ'ವು ತಯಾರಾದದ್ದು ಮದರಾಸಿನಲ್ಲಿ. ಹೀಗೆ ಪರರ ಮನೆಯಲ್ಲಿ ಅಡುಗೆ ಮಾಡಿ ಉಣ್ಣುವ ಕಷ್ಟವು ನಮಗೂ ಅವರಿಗೂ ಸಮಾನವಾಗಿತ್ತು. ಆ ಸ್ಥಿತಿಯನ್ನು ಬದಲಿಸಿದವರು ಲೆಸ್ಟರ್ ಜೇಮ್ಸ್ ಪೀರಿಸ್ ಎಂಬ ನಿರ್ದೇಶಕರು. ಮಾರ್ಟಿನ್ ವಿಕ್ರಮಸಿಂಹರ ಪ್ರಸಿದ್ಧ ಕಾದಂಬರಿ 'ಗಂಪೆರಳಿಯ'ವನ್ನು ಅವರು ಸ್ಟುಡಿಯೋವಿನ ಹೊರಗೆ, ನಿಜವಾದ ಮನೆ ಬೀದಿಗಳಲ್ಲಿ ಚಿತ್ರಿಸಿದರು. ಅದರ ನಾಯಕನಾದ ಪಿಯಲನ ಪಾತ್ರವನ್ನು ಜಯಸೇನರಿಗೆ ಕೊಟ್ಟರು.

ಪಿಯಲನು ಹಳ್ಳಿಯ ಸಾಮಾನ್ಯ ಮನೆಯ ಹುಡುಗ. ಊರಿನ ದೊಡ್ಡಮನೆಯ ಮಗಳು ನಂದಾಳಿಗೆ ಇಂಗ್ಲಿಷ್ ಪಾಠ ಹೇಳುತ್ತಾನೆ, ಅವಳಲ್ಲಿ ಅನುರಕ್ತನಾಗುತ್ತಾನೆ. ಮನೆತನದ ಅಂತಸ್ತು ಅಡ್ಡಬಂದು ಅವಳನ್ನು ಬೇರೊಬ್ಬನಿಗೆ ಕೊಡುತ್ತಾರೆ. ಕಾಲಚಕ್ರ ಉರುಳುತ್ತದೆ. ದೊಡ್ಡಮನೆಯು ಬಡವಾಗುತ್ತದೆ, ಪಿಯಲನು ಪಟ್ಟಣದಲ್ಲಿ ವ್ಯಾಪಾರ ಮಾಡಿ ಹಣವಂತನಾಗುತ್ತಾನೆ. ಬೆಟ್ಟದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ್ದ ಜಯಸೇನರಿಗೆ ಈ ಪಾತ್ರವು ತೀರ ಪರಕೀಯವಾಗಿರಲಾರದು. ಪಿಯಲನ ಕೋಪವೂ ಪ್ರೀತಿಯೂ ಮಾತಿಗಿಂತ ಮೌನದಲ್ಲಿ ಹೆಚ್ಚಾಗಿ ತೋರಬೇಕು. ರಂಗದ ಮೇಲೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ದನಿಯೆತ್ತಿ ಅಭ್ಯಾಸವಾದ ನಟನು, ಕ್ಯಾಮರಾದ ಮುಂದೆ ಕಣ್ಣರೆಪ್ಪೆಯ ಅಲುಗಾಟದಲ್ಲಿಯೇ ಎಲ್ಲವನ್ನೂ ಹೇಳಬೇಕಾಗುತ್ತದೆ. ಜಯಸೇನರು ಎರಡನ್ನೂ ಬಲ್ಲವರಾಗಿದ್ದರು. 1965ರಲ್ಲಿ ದೆಹಲಿಯಲ್ಲಿ ನಡೆದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ 'ಗಂಪೆರಳಿಯ'ವು ಸ್ವರ್ಣಮಯೂರ ಪ್ರಶಸ್ತಿಯನ್ನು ಪಡೆಯಿತು. ಸಿಂಹಳ ಚಿತ್ರಕ್ಕೆ ಇಂತಹ ಮನ್ನಣೆಯು ನಮ್ಮ ದೇಶದಲ್ಲಿ ದೊರೆತುದು ನಮಗೂ ಸಂತೋಷದ ಸಂಗತಿ.

ಸುಮಾರು ಇಪ್ಪತ್ತು ವರ್ಷಗಳ ತರುವಾಯ, 1980ರ ದಶಕದ ಆರಂಭದಲ್ಲಿ, ಆ ಕಥೆಯ ಮುಂದಿನ ಭಾಗವಾದ 'ಕಲಿಯುಗಯ'ವನ್ನು ಪೀರಿಸರು ತೆರೆಗೆ ತಂದಾಗ ವಯಸ್ಸಾದ ಪಿಯಲನಾಗಿ ಬಂದವರು ಅದೇ ಜಯಸೇನರು. ನಂದಾಳಾಗಿ ಬಂದವರೂ ಮೊದಲಿನ ಪುಣ್ಯಾ ಹೀಂದೆನಿಯರೇ. ಒಂದೇ ಪಾತ್ರವನ್ನು ಯೌವನದಲ್ಲಿಯೂ ಮುಪ್ಪಿನ ಹೊಸ್ತಿಲಿನಲ್ಲಿಯೂ ಧರಿಸುವ ಯೋಗವು ಎಷ್ಟು ನಟರಿಗೆ ಬಂದೀತು?

ಆದರೆ ಜಯಸೇನರ ಹೆಸರನ್ನು ಸಿಂಹಳರ ನಾಲಗೆಯ ಮೇಲೆ ಶಾಶ್ವತವಾಗಿ ನಿಲ್ಲಿಸಿದ ಕೃತಿಯು 1967ರ 'ಹುಣುವಟಯೇ ಕಥಾವ.' ಜರ್ಮನಿಯ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್‌ನು 1944ರಲ್ಲಿ, ಹಿಟ್ಲರನ ಕಾಟದಿಂದ ತಪ್ಪಿಸಿಕೊಂಡು ಅಮೆರಿಕದಲ್ಲಿದ್ದಾಗ ಬರೆದ 'ಕಕೇಸಿಯದ ಸುಣ್ಣದ ವೃತ್ತ' ಎಂಬ ನಾಟಕದ ಸಿಂಹಳ ರೂಪವದು. ಇಲ್ಲಿ ಒಂದು ಸೊಗಸನ್ನು ಗಮನಿಸಿರಿ. ಸಿಂಹಳದ 'ಹುಣು' ಎಂಬುದೂ ನಮ್ಮ 'ಸುಣ್ಣ'ವೆಂಬುದೂ ಸಂಸ್ಕೃತದ 'ಚೂರ್ಣ'ದಿಂದ ಬಂದ ತದ್ಭವಗಳು. 'ಕಥಾವ'ವು ಕಥೆಯೆಂದು ಬೇರೆ ಹೇಳಬೇಕಾಗಿಲ್ಲ. ಸುಣ್ಣದ ವೃತ್ತದ ಕಥೆ. ಮುಕ್ಕಾಲುಪಾಲು ನಮಗೆ ತಿಳಿದ ಮಾತೇ!

ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಒಂದು ದೇಶದಲ್ಲಿ ದಂಗೆಯೇಳುತ್ತದೆ. ರಾಜ್ಯಪಾಲನು ಕೊಲೆಯಾಗುತ್ತಾನೆ. ಅವನ ಹೆಂಡತಿಯು ಬೆಲೆಬಾಳುವ ಉಡುಪುಗಳನ್ನು ಆರಿಸಿಕೊಳ್ಳುವ ಗಡಿಬಿಡಿಯಲ್ಲಿ ಹಸುಳೆ ಮಗನನ್ನು ಬಿಟ್ಟು ಓಡುತ್ತಾಳೆ. ಅಡುಗೆಮನೆಯ ಆಳು ಗ್ರೂಷಾ ಎಂಬ ಹುಡುಗಿಯು ಆ ಮಗುವನ್ನು ಎತ್ತಿಕೊಂಡು ಹಿಮದ ಬೆಟ್ಟಗಳನ್ನು ದಾಟಿ, ಹಸಿವು ಅವಮಾನಗಳನ್ನು ಸಹಿಸಿ ಸಾಕುತ್ತಾಳೆ. ವರ್ಷಗಳು ಕಳೆದು ದಂಗೆಯು ಅಡಗಿದ ಮೇಲೆ ಹೆತ್ತವಳು ಮಗುವನ್ನು ಕೇಳುತ್ತ ಬರುತ್ತಾಳೆ. ಆಸ್ತಿಯು ಮಗುವಿನ ಹೆಸರಿನಲ್ಲಿದೆ. ವ್ಯಾಜ್ಯವು ಅಜ್ದಕ್ ಎಂಬ ನ್ಯಾಯಾಧೀಶನ ಮುಂದೆ ಬರುತ್ತದೆ. ಅವನು ಊರಿನ ಬಡ ಬರಹಗಾರ. ಗಲಭೆಯ ಕಾಲದಲ್ಲಿ ಅಕಸ್ಮಾತ್ತಾಗಿ ನ್ಯಾಯಪೀಠವನ್ನು ಏರಿದವನು. ಕುಡುಕ, ಲಂಚ ತಿನ್ನುವವನು. ಕಾನೂನಿನ ಪುಸ್ತಕವನ್ನು ಕೂಡುವ ದಿಂಬಾಗಿ ಬಳಸುವವನು. ಆದರೂ ಬಡವರಿಗೆ ಅವನಿಂದಲೇ ನ್ಯಾಯ ದೊರೆಯುತ್ತದೆ. ಅವನು ನೆಲದ ಮೇಲೆ ಸುಣ್ಣದ ವೃತ್ತವನ್ನು ಬರೆಯಿಸಿ, ಮಗುವನ್ನು ನಡುವೆ ನಿಲ್ಲಿಸಿ, ಇಬ್ಬರು ಹೆಂಗಸರೂ ಒಂದೊಂದು ಕೈ ಹಿಡಿದು ಎಳೆಯಬೇಕೆಂದು ಆಜ್ಞಾಪಿಸುತ್ತಾನೆ. ಗ್ರೂಷಾ ಕೈ ಬಿಟ್ಟುಬಿಡುತ್ತಾಳೆ. ಎರಡನೆಯ ಸಲವೂ ಬಿಟ್ಟುಬಿಡುತ್ತಾಳೆ. ತಾನು ಸಾಕಿದ ಮಗುವನ್ನು ತಾನೇ ಹರಿದುಹಾಕುವುದು ಅವಳಿಂದಾಗದು. ಅಜ್ದಕನು ಮಗುವನ್ನು ಅವಳಿಗೇ ಕೊಡುತ್ತಾನೆ.

ಈ ಕಥೆಯ ಬೇರು ಬಹಳ ಹಳೆಯದು. ಬ್ರೆಕ್ಟ್‌ನಿಗೆ ಮೂಲವಾದುದು ಚೀನದ ಒಂದು ಪ್ರಾಚೀನ ನಾಟಕ. ಬೈಬಲಿನಲ್ಲಿ ಸೊಲೊಮೋನ್ ರಾಜನ ತೀರ್ಪಿನ ಕಥೆಯಿದೆ. ಸಿಂಹಳರು ಬಲ್ಲ ಬೌದ್ಧ ಜಾತಕದಲ್ಲಿ ಮಹೋಷಧ ಪಂಡಿತನು ನೆಲದ ಮೇಲೆ ಗೆರೆಯೆಳೆದು, ಇಬ್ಬರು ಹೆಂಗಸರು ಮಗುವನ್ನು ಎಳೆಯುವಂತೆ ಹೇಳಿ, ಬಿಟ್ಟುಕೊಟ್ಟವಳೇ ತಾಯಿಯೆಂದು ನಿರ್ಣಯಿಸುತ್ತಾನೆ. ಆದುದರಿಂದ ಜರ್ಮನಿಯಿಂದ ಬಂದ ಈ ನಾಟಕವು ಸಿಂಹಳದ ಹಳ್ಳಿಗನಿಗೆ ತನ್ನ ಅಜ್ಜಿ ಹೇಳಿದ ಕಥೆಯಂತೆಯೇ ತೋರಿರಬೇಕು. ಒಂದೇ ಒಂದು ವ್ಯತ್ಯಾಸ. ಹಳೆಯ ಕಥೆಗಳಲ್ಲಿ ಕೈಬಿಟ್ಟವಳು ಹೆತ್ತ ತಾಯಿ. ಬ್ರೆಕ್ಟ್‌ನ ನಾಟಕದಲ್ಲಿ ಕೈಬಿಟ್ಟವಳು ಸಾಕಿದ ತಾಯಿ. ಯಾವುದು ಯಾರ ಕೈಯಲ್ಲಿ ಚೆನ್ನಾಗಿ ಬಾಳುವುದೋ ಅದು ಅವರಿಗೆ ಸೇರಬೇಕೆಂಬುದು ಅವನ ಅಭಿಪ್ರಾಯ. ಕಥೆಯನ್ನು ಹಾಡಿ ನಡೆಸುವ ಗಾಯಕನೂ ಈ ನಾಟಕದಲ್ಲಿದ್ದಾನೆ. ನಾಡಗಮವನ್ನು ಕಂಡ ಜನರಿಗೆ ಅವನೂ ಹಳೆಯ ಪರಿಚಿತನೇ.

ಅಜ್ದಕನ ಪಾತ್ರವನ್ನು ಜಯಸೇನರೇ ಧರಿಸಿದರು. ಗ್ರೂಷಾಳ ಪಾತ್ರದಲ್ಲಿ ಅವರ ಪತ್ನಿ ಮನೆಲ್ ಜಯಸೇನರು ಅಭಿನಯಿಸಿದರು. ಆಗ ಜಯಸೇನರಿಗೆ ಮೂವತ್ತಾರು ವರ್ಷ. ನಾಲ್ಕು ವರ್ಷಗಳ ಹಿಂದೆ ತೆರೆಯ ಮೇಲೆ ಗಂಭೀರನೂ ಸಂಕೋಚಿಯೂ ಆದ ಪಿಯಲನಾಗಿದ್ದವರು ಈಗ ಹರಕು ಬಟ್ಟೆಯ, ಒರಟು ನಗೆಯ, ಧೂರ್ತನೋ ಧರ್ಮಾತ್ಮನೋ ತಿಳಿಯದ ನ್ಯಾಯಾಧೀಶನಾದರು. ಬಹುರೂಪಿಯೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಆ ನಾಟಕವು ದಶಕಗಳ ಕಾಲ ಲಂಕೆಯ ಊರೂರುಗಳಲ್ಲಿ ಪ್ರದರ್ಶನಗೊಂಡಿತು.

1968ರಲ್ಲಿ ಅವರು ಬರೆದ ಇನ್ನೊಂದು ನಾಟಕದ ಹೆಸರು 'ಅಪಟ ಪುತೇ ಮಗಕ್ ನೆತೇ'. ಮಗನೇ, ನಮಗೆ ದಾರಿಯಿಲ್ಲ ಎಂದು ಅದರ ಅರ್ಥ. ಓದಿಯೂ ದಾರಿ ಕಾಣದ ತರುಣರ ಸಂಕಟವು ಅದರ ವಸ್ತು. ಮೂರು ವರ್ಷಗಳ ತರುವಾಯ, 1971ರಲ್ಲಿ, ಆ ದೇಶದ ತರುಣರು ದಂಗೆಯೆದ್ದರು. ಸಾವಿರಾರು ಮಂದಿ ಪ್ರಾಣ ಕಳೆದುಕೊಂಡರು. ರಂಗದ ಮೇಲಿನ ಮಾತನ್ನು ದೊಡ್ಡವರು ಕಿವಿಗೊಟ್ಟು ಕೇಳುವುದು ಒಳ್ಳೆಯದೆಂಬುದಕ್ಕೆ ಇದೊಂದು ಸಾಕ್ಷಿ. ಬ್ರೆಕ್ಟ್‌ನದೇ ಮತ್ತೊಂದು ನಾಟಕ, ಯುದ್ಧದಲ್ಲಿ ವ್ಯಾಪಾರ ಮಾಡಿ ಬದುಕಲು ಹೋಗಿ ಮಕ್ಕಳನ್ನೆಲ್ಲ ಕಳೆದುಕೊಳ್ಳುವ ತಾಯಿಯ ಕಥೆಯನ್ನೂ, 1970ರ ದಶಕದಲ್ಲಿ ಅವರು ಸಿಂಹಳಕ್ಕೆ ತಂದರು.

ಮುಪ್ಪಿನಲ್ಲಿ ಅವರಿಗೆ ಮತ್ತೊಂದು ವೇಷ ಒದಗಿತು. ದೂರದರ್ಶನದ 'ದೂ ದರುವೋ' ಎಂಬ ಧಾರಾವಾಹಿಯಲ್ಲಿ 'ಸುದು ಸೀಯ' ಎಂಬ ಪ್ರೀತಿಯ ಅಜ್ಜನಾಗಿ ಅವರು ಮನೆಮನೆಗೂ ಬಂದರು. 'ಕುವೇಣಿ'ಯನ್ನು ನೋಡದ, ಬ್ರೆಕ್ಟ್‌ನ ಹೆಸರನ್ನು ಕೇಳದ ಮಕ್ಕಳಿಗೆ ಅವರು ಸುದು ಸೀಯನೇ. ಕೊನೆಯ ವರ್ಷಗಳಲ್ಲಿ ಅರ್ಬುದ ರೋಗವು ಅವರನ್ನು ಹಿಡಿಯಿತು. ಅದರೊಡನೆ ಹೋರಾಡುತ್ತ, ಆ ಅನುಭವವನ್ನೇ ಪುಸ್ತಕವಾಗಿ ಬರೆದು ಇತರ ರೋಗಿಗಳಿಗೆ ಧೈರ್ಯ ಹೇಳಿದರು. 2009ರ ನವೆಂಬರ್ 11ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಜೀವನದಿಂದ ನಾವು ಪಡೆಯತಕ್ಕದ್ದೇನು?

ತಾಯಿತಂದೆಗಳೇ, ತಮ್ಮಲ್ಲಿ ಅನೇಕರ ಮನಸ್ಸಿನಲ್ಲಿರುವ ಶಂಕೆಯನ್ನು ನಾವು ಬಲ್ಲೆವು. ಮಗುವು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಹವ್ಯಕ ಕನ್ನಡವನ್ನೋ ಆಡುತ್ತದೆ; ಶಾಲೆಯಲ್ಲಿ ಕನ್ನಡವನ್ನು ಓದುತ್ತದೆ; ಪೇಟೆಗೂ ಕಚೇರಿಗೂ ಮಲಯಾಳ ಬೇಕು; ಉದ್ಯೋಗಕ್ಕೆ ಇಂಗ್ಲಿಷ್ ಬೇಕು. ಹೀಗಿರುವಾಗ ಕನ್ನಡ ಶಾಲೆಗೆ ಕಳುಹಿಸಿ ಮಗುವಿನ ದಾರಿಯನ್ನು ನಾವೇ ಕಟ್ಟುತ್ತಿಲ್ಲವಷ್ಟೆ, ಎಂಬ ಅಳುಕು ಅದು. ನಮ್ಮ ಮಗುವೂ ಒಂದು ಸುಣ್ಣದ ವೃತ್ತದೊಳಗೆ ನಿಂತಿದೆ. ಒಂದೊಂದು ಕೈಯನ್ನು ಒಂದೊಂದು ಭಾಷೆ ಹಿಡಿದಿದೆ.

ಎಳೆದಾಟದಲ್ಲಿ ಗೆಲ್ಲುವವರು ಯಾರೇ ಆಗಲಿ, ನೋಯುವುದು ಮಗುವೇ. ಕನ್ನಡದ ಮೇಲಿನ ಪ್ರೀತಿಯಿಂದ ಮಲಯಾಳವನ್ನು ಹಳಿಯುವುದೂ ಎಳೆತವೇ. ಇಂಗ್ಲಿಷಿನ ಮೋಹದಿಂದ ಕನ್ನಡವನ್ನು ಕೀಳೆಂದು ಮಕ್ಕಳ ಮುಂದೆ ಆಡಿಕೊಳ್ಳುವುದೂ ಎಳೆತವೇ. ಜಯಸೇನರು ಇಂಗ್ಲಿಷನ್ನು ಚೆನ್ನಾಗಿ ಕಲಿತರು, ಕಲಿಸಿದರು. ಆ ಕಿಟಕಿಯಿಂದಲೇ ಅವರಿಗೆ ಜಗತ್ತಿನ ನಾಟಕ ಸಾಹಿತ್ಯವು ಕಂಡಿತು. ಆದರೆ ಕಂಡುದನ್ನೆಲ್ಲ ಅವರು ತಂದು ಇಳಿಸಿದ್ದು ತಮ್ಮ ತಾಯ್ನುಡಿಯ ಅಂಗಳದಲ್ಲಿ. ಕಲಿತ ಭಾಷೆಗಳು ಒಂದಕ್ಕೊಂದು ನೆರವಾಗಬಲ್ಲುವೆಂಬುದಕ್ಕೆ ಅವರ ಕೃತಿಗಳೇ ಪ್ರಮಾಣ. ನಮ್ಮ ಮಕ್ಕಳಿಗೆ ನಾಲ್ಕು ಭಾಷೆಗಳು ಎಳೆವಯಸ್ಸಿನಲ್ಲಿಯೇ ಕೈಗೆ ಬರುವುದು ಹೊರೆಯೆಂದು ಭಾವಿಸಬೇಡಿರಿ. ಅದು ಅನೇಕರಿಗೆ ಹಣ ಕೊಟ್ಟರೂ ಸಿಗದ ಸಂಪತ್ತು.

ಇನ್ನು ಭಾಷೆಯು ಯಾರಿಗೆ ಸೇರಿದ್ದು? ಅಜ್ದಕನನ್ನು ಕೇಳಿದರೆ ಅದನ್ನು ಸಾಕುವವರಿಗೆ ಸೇರಿದ್ದೆಂದಾನು. ಕನ್ನಡವು ರಾಜ್ಯಭಾಷೆಯಾಗಿರುವ ನಾಡಿನಲ್ಲಿ ಹುಟ್ಟಿದವರಿಗೆ ಅದು ಹುಟ್ಟಿನಿಂದಲೇ ಬಂದ ಸೊತ್ತು. ಗಡಿಯ ಈಚೆಗಿರುವ ನಾವಾದರೋ ಅದನ್ನು ಎತ್ತಿಕೊಂಡು, ಬೆಟ್ಟ ಹತ್ತಿಸಿ, ಚಳಿಯಲ್ಲಿ ಹೊದಿಸಿ ಸಾಕಬೇಕಾಗಿದೆ. ಆದುದರಿಂದ ಈ ಶಾಲೆಯ ಒಂದು ಮಗುವು ಒಂದು ಒಳ್ಳೆಯ ಪುಸ್ತಕವನ್ನು ಓದಿದರೂ, ಒಂದು ತಾಳಮದ್ದಳೆಯಲ್ಲಿ ತಪ್ಪಿಲ್ಲದೆ ಅರ್ಥ ಹೇಳಿದರೂ, ಮಲಯಾಳದ ಒಂದು ಸಣ್ಣ ಕಥೆಯನ್ನು ಕನ್ನಡಕ್ಕೆ ತಂದರೂ ಭಾಷೆಯ ಮೇಲಿನ ನಮ್ಮ ಹಕ್ಕು ಸ್ಥಿರವಾಗುತ್ತದೆ.

ವಿದ್ಯಾರ್ಥಿಗಳೇ, ಮುಂದೆ ನೀವು ಗುಮಾಸ್ತೆಗಳಾಗಬಹುದು, ವ್ಯಾಪಾರಿಗಳಾಗಬಹುದು, ವೈದ್ಯರಾಗಬಹುದು. ಯಾವ ಕೆಲಸದಲ್ಲಿದ್ದರೂ ಸಂಜೆಯ ಎರಡು ಗಂಟೆಗಳು ನಿಮ್ಮವೇ ಆಗಿರುವುವು. ಲೋಕೋಪಯೋಗಿ ಇಲಾಖೆಯ ಒಬ್ಬ ಗುಮಾಸ್ತೆಯು ಅಂತಹ ಸಂಜೆಗಳಿಂದಲೇ ಒಂದು ಭಾಷೆಯ ರಂಗಭೂಮಿಯನ್ನು ಬೆಳಗಿದರು. ನಿಮ್ಮ ಸಂಜೆಗಳು ಹಾಗೆಯೇ ಸಫಲವಾಗಲೆಂದು ಹಾರೈಸುತ್ತೇವೆ.